ಟೆನಿಸ್ ಶೂ ಕೊಳ್ಳುವ ಮೊದಲು ಹಳೇ ಜೋಡಿಯನ್ನು ತಿರುಗಿಸಿ ನೋಡಿ

ಪ್ರಶ್ನೆ: ನನಗೆ 41 ವರ್ಷ, ತೂಕ 84 ಕೆ.ಜಿ. ಒಂದೂವರೆ ವರ್ಷದಿಂದ ಟೆನಿಸ್ ಆಡುತ್ತಿದ್ದೇನೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಹಾರ್ಡ್ ಕೋರ್ಟಿನಲ್ಲಿ ವಾರಕ್ಕೆ ಮೂರು ಬೆಳಿಗ್ಗೆ, ಭಾನುವಾರ ಗೆಳೆಯರ ಕ್ಲಬ್ಬಿನ ಮಣ್ಣಿನ ಕೋರ್ಟಿನಲ್ಲಿ. ಇಷ್ಟು ದಿನ ರನ್ನಿಂಗ್ ಶೂ ಹಾಕಿಕೊಂಡೇ ಆಡಿದೆ. ಬಲಗಾಲಿನ ಶೂ ಕಿರುಬೆರಳಿನ ಹತ್ತಿರ ಹರಿದುಹೋಗಿದೆ. ಹೋದ ತಿಂಗಳು ಕಾಲು ಉಳುಕಿ ಹತ್ತು ದಿನ ಮನೆಯಲ್ಲೇ ಕೂತೆ. ಹೆಬ್ಬೆರಳಿನ ಉಗುರು ಬೇರೆ ಕಪ್ಪಾಗಿದೆ. ಒಬ್ಬರು ಹಗುರ ಶೂ ತಗೊಳ್ಳಿ ಅನ್ನುತ್ತಾರೆ, ಇನ್ನೊಬ್ಬರು ಬ್ಯಾಡ್ಮಿಂಟನ್ ಶೂ ಸಾಕು ಅನ್ನುತ್ತಾರೆ. ಎಂಟು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಯಾವುದನ್ನು ಕೊಳ್ಳಲಿ?

ಉತ್ತರ: ನಿಮ್ಮ ಹರಿದ ಶೂವನ್ನು ದಯವಿಟ್ಟು ಇನ್ನೂ ಬಿಸಾಡಬೇಡಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ. ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಟೆನಿಸ್ ಕಲಿಸುತ್ತಿದ್ದೇನೆ. ಹೊಸಬರು ಯಾರಾದರೂ ಕೋರ್ಟಿಗೆ ಬಂದರೆ ಅವರ ರಾಕೆಟ್‌ಗಿಂತ ಮೊದಲು ಶೂ ಬಿಚ್ಚಿಸಿ ತಿರುಗಿಸಿ ನೋಡುತ್ತೇನೆ. ಎಲ್ಲಿ ಸವೆದಿದೆ, ಎಲ್ಲಿ ಹರಿದಿದೆ ಎಂದು ನೋಡಿದರೆ ಅವರು ಹೇಗೆ ಓಡುತ್ತಾರೆ, ಹೇಗೆ ನಿಲ್ಲುತ್ತಾರೆ, ಯಾವ ಕಾಲಿನ ಮೇಲೆ ಭಾರ ಹಾಕುತ್ತಾರೆ ಎಲ್ಲವೂ ತಿಳಿಯುತ್ತದೆ.

ಬಲಗಾಲಿನ ಕಿರುಬೆರಳ ಹತ್ತಿರ ಹರಿದಿದೆ ಎಂದರೆ ನೀವು ಬಲಗೈಯಲ್ಲಿ ಆಡುವವರಿರಬೇಕು. ಫೋರ್‌ಹ್ಯಾಂಡ್ ಕಡೆಗೆ, ಅಂದರೆ ನಿಮ್ಮ ಬಲಕ್ಕೆ, ದೂರ ಬಿದ್ದ ಚೆಂಡಿಗೆ ಓಡುತ್ತೀರಿ, ಬಲಗಾಲು ಊರುತ್ತೀರಿ, ಹೊಡೆಯುತ್ತೀರಿ, ಅದೇ ಕಾಲಿನಿಂದ ನೆಲವನ್ನು ಒದ್ದು ಮಧ್ಯಕ್ಕೆ ವಾಪಸ್ ಬರುತ್ತೀರಿ. ಕಾಲು ಊರಿದ ಆ ಗಳಿಗೆಯಲ್ಲಿ ಶೂ ನಿಂತಿರುತ್ತದೆ, ಅದರೊಳಗಿನ ಪಾದ ಮಾತ್ರ ಇನ್ನೂ ಹೊರಕ್ಕೆ ಜಾರುತ್ತಿರುತ್ತದೆ. 84 ಕೆ.ಜಿ. ಭಾರವೆಲ್ಲ ಕಿರುಬೆರಳ ಪಕ್ಕದ ಗೋಡೆಗೆ ಹೋಗಿ ಗುದ್ದುತ್ತದೆ. ರನ್ನಿಂಗ್ ಶೂನಲ್ಲಿ ಆ ಜಾಗದಲ್ಲಿ ಇರುವುದು ತೆಳುವಾದ ಜಾಲರಿ ಬಟ್ಟೆ. ಗಾಳಿಯಾಡಲಿ, ಹಗುರವಾಗಿರಲಿ ಎಂದು ಹಾಕಿದ್ದು ಅದು. ಓಡುವವನ ಕಾಲು ನೆಟ್ಟಗೆ ಮುಂದಕ್ಕಷ್ಟೇ ಹೋಗುವುದರಿಂದ ಅವನಿಗೆ ಅಲ್ಲಿ ಗೋಡೆಯ ಅಗತ್ಯವೇ ಇಲ್ಲ.

ಕಾಲು ಉಳುಕಿದ್ದಕ್ಕೂ ಅದೇ ಕಾರಣವಿದ್ದೀತು. ರನ್ನಿಂಗ್ ಶೂನ ಸೋಲ್ ದಪ್ಪ, ಮೆತ್ತಗೆ. ಹಿಮ್ಮಡಿ ನೆಲಕ್ಕೆ ಬಡಿಯುವ ಹೊಡೆತವನ್ನು ಹೀರಲು ಅದು ಬೇಕು. ಆದರೆ ಪಕ್ಕಕ್ಕೆ ನಿಂತಾಗ ಆ ಮೆತ್ತನೆಯ ಫೋಮ್ ಹೊರ ಅಂಚಿನಲ್ಲಿ ಮಾತ್ರ ಕುಗ್ಗುತ್ತದೆ, ಒಳಗಿನ ಅಂಚು ಎತ್ತರದಲ್ಲೇ ಉಳಿಯುತ್ತದೆ. ಪಾದ ಇಳಿಜಾರಿನಲ್ಲಿ ನಿಂತ ಹಾಗಾಗಿ ಹೊರಕ್ಕೆ ಹೊರಳುತ್ತದೆ. ಟೆನಿಸ್‌ನಲ್ಲಿ ಉಳುಕುವುದು ಬಹುಪಾಲು ಹೀಗೆ, ಅಂಗಾಲು ಒಳಮುಖವಾಗಿ ತಿರುಗಿ ಕಾಲಿನ ಹೊರಬದಿಯ ಹರಡಿನ ಕೆಳಗಿನ ಸ್ನಾಯುಬಂಧ ಎಳೆದುಕೊಂಡಾಗ. ಟೆನಿಸ್ ಶೂನಲ್ಲಿ ಪಾದ ನೆಲಕ್ಕೆ ಹತ್ತಿರವಿರುತ್ತದೆ. ಸೋಲ್‌ನ ಅಂಚು ಪಾದಕ್ಕಿಂತ ಅಗಲವಾಗಿ ಹೊರಚಾಚಿರುತ್ತದೆ, ಪಕ್ಕದ ಗೋಡೆ ಗಟ್ಟಿಯಾಗಿರುತ್ತದೆ, ಸೋಲ್‌ನ ನಡುವೆ ಶೂ ತಿರುಚಿಕೊಳ್ಳದಂತೆ ಗಡಸು ಪಟ್ಟಿಯೊಂದನ್ನು ಕೂರಿಸಿರುತ್ತಾರೆ. ಹಾಗಾಗಿ ಅದು ರನ್ನಿಂಗ್ ಶೂಗಿಂತ ಭಾರ. ನಿಮ್ಮ ಆಟಕ್ಕೆ ಆ ಭಾರ ಬೇಕು.

ಬ್ಯಾಡ್ಮಿಂಟನ್ ಶೂ ವಿಷಯ. ಈ ಸಲಹೆ ನಮ್ಮೂರಲ್ಲಿ ಬಹಳ ಕೇಳಿಬರುತ್ತದೆ, ಏಕೆಂದರೆ ಟೆನಿಸ್‌ಗೆ ಬರುವವರಲ್ಲಿ ಅನೇಕರು ಮೊದಲು ಬ್ಯಾಡ್ಮಿಂಟನ್ ಆಡಿದವರು. ಪಕ್ಕಕ್ಕೆ ಚಲಿಸುವ ಆಟ ಎಂಬ ಮಟ್ಟಿಗೆ ಆ ಮಾತು ಸರಿ, ಕಾಲು ಹೊರಳುವ ವಿಷಯದಲ್ಲಿ ಅದು ರನ್ನಿಂಗ್ ಶೂಗಿಂತ ವಾಸಿ ಕೂಡ. ಆದರೆ ಅದರ ಸೋಲ್ ಮೆತ್ತನೆಯ ಗಮ್ ರಬ್ಬರ್. ಮರದ ನೆಲ ಅಥವಾ ಮ್ಯಾಟ್ ಮೇಲೆ ಕಚ್ಚಿ ಹಿಡಿಯಲೆಂದು ಮಾಡಿದ್ದು. ಅಪಾರ್ಟ್‌ಮೆಂಟಿನ ಹಾರ್ಡ್ ಕೋರ್ಟ್ ಅಂದರೆ ಕಾಂಕ್ರೀಟ್ ಇಲ್ಲವೇ ಡಾಂಬರಿನ ಮೇಲೆ ಮರಳು ಬೆರೆಸಿದ ಆಕ್ರಿಲಿಕ್ ಬಣ್ಣದ ಪದರ. ಅಂಗೈಯಿಂದ ಒಮ್ಮೆ ಉಜ್ಜಿ ನೋಡಿ, ಉಪ್ಪುಕಾಗದದಂತಿರುತ್ತದೆ. ನಿಮ್ಮ ತೂಕದಲ್ಲಿ, ವಾರಕ್ಕೆ ಮೂರು ದಿನ ಆಡಿದರೆ ಗಮ್ ರಬ್ಬರ್ ಕೆಲವೇ ವಾರಗಳಲ್ಲಿ ನುಣುಪಾಗುತ್ತದೆ. ಅಡಿಯ ಫೋಮ್ ಕೂಡ ತೆಳು, ಕಾಂಕ್ರೀಟಿನ ಪೆಟ್ಟು ನೇರ ಮೊಣಕಾಲಿಗೆ ಬರುತ್ತದೆ. ಅದನ್ನು ಬ್ಯಾಡ್ಮಿಂಟನ್‌ಗೇ ಇಟ್ಟುಕೊಳ್ಳಿ.

ಇನ್ನು ಹಗುರ ಶೂ ಬೇಕೋ ಗಟ್ಟಿ ಶೂ ಬೇಕೋ ಎಂಬುದು. ಟೆನಿಸ್ ಶೂ ಮಾಡುವ ದೊಡ್ಡ ಕಂಪನಿಗಳೆಲ್ಲ ಒಳ್ಳೆಯ ಶೂಗಳನ್ನು ಹೆಚ್ಚುಕಡಿಮೆ ಎರಡು ಸಾಲಿನಲ್ಲಿ ಮಾಡುತ್ತವೆ. ಒಂದು ವೇಗದ ಸಾಲು. ಆಸಿಕ್ಸ್‌ನ ಸೊಲ್ಯೂಷನ್ ಸ್ಪೀಡ್, ಅಡಿಡಾಸ್‌ನ ಊಬರ್‌ಸಾನಿಕ್, ಬಾಬೊಲಾದ ಜೆಟ್ ಈ ಬಗೆಯವು. ಇನ್ನೊಂದು ಸ್ಥಿರತೆಯ ಸಾಲು. ಆಸಿಕ್ಸ್‌ನ ಜೆಲ್ ರೆಸಲ್ಯೂಷನ್, ಅಡಿಡಾಸ್‌ನ ಬ್ಯಾರಿಕೇಡ್, ಬಾಬೊಲಾದ ಪ್ರೊಪಲ್ಸ್, ಯೋನೆಕ್ಸ್‌ನ ಎಕ್ಲಿಪ್ಷನ್ ಇಲ್ಲಿ ಬರುತ್ತವೆ. ನೆಟ್ ಹತ್ತಿರ ಚುರುಕಾಗಿ ಓಡಾಡುವ ತೆಳ್ಳನೆಯ ಹುಡುಗನಿಗೆ ಮೊದಲನೆಯದು ಸರಿ. 80 ಕೆ.ಜಿ. ದಾಟಿದವರಿಗೆ, ಕೋರ್ಟಿನ ಹಿಂಗೆರೆಯಾದ ಬೇಸ್‌ಲೈನ್‌ನಲ್ಲಿ ಎಡಬಲ ಓಡಿ ಆಡುವವರಿಗೆ, ಒಮ್ಮೆ ಉಳುಕಿದ ಕಾಲಿದ್ದವರಿಗೆ ಎರಡನೆಯದೇ ಬೇಕು. ನಿಮಗೆ ಈ ಮೂರೂ ಅನ್ವಯಿಸುತ್ತವೆ. ಅಂಗಡಿಯಲ್ಲಿ ಹಗುರ ಶೂ ಹಾಕಿ ನಾಲ್ಕು ಹೆಜ್ಜೆ ನಡೆದರೆ ಯಾರಿಗಾದರೂ ಇಷ್ಟವಾಗುತ್ತದೆ. ಎರಡನೇ ಸೆಟ್‌ನಲ್ಲಿ ಕಾಲು ದಣಿದಾಗ ಆ ಶೂ ನಿಮ್ಮನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ ಎಂಬುದು ನಾಲ್ಕು ಹೆಜ್ಜೆಯಲ್ಲಿ ಗೊತ್ತಾಗುವುದಿಲ್ಲ.

ಕೋರ್ಟಿನ ಲೆಕ್ಕ ಹಾಕೋಣ. ಮಣ್ಣಿನ ಕೋರ್ಟಿನ ಶೂನ ಸೋಲ್ ತುಂಬ ಒಂದೇ ಸಮನೆ ಅಂಕುಡೊಂಕು ಗೆರೆಗಳಿರುತ್ತವೆ, ಮೀನಿನ ಮುಳ್ಳು ಜೋಡಿಸಿದ ಹಾಗೆ. ಹೆರಿಂಗ್‌ಬೋನ್ ಅನ್ನುತ್ತಾರೆ. ಗೆರೆ ಮಣ್ಣನ್ನು ಹಿಡಿಯುತ್ತದೆ, ಗೆರೆಗಳ ನಡುವಿನ ಜಾಗದಿಂದ ಮಣ್ಣು ಉದುರಿಹೋಗುತ್ತದೆ, ಜಾರಿ ನಿಲ್ಲಲೂ ಬಿಡುತ್ತದೆ. ಹಾರ್ಡ್ ಕೋರ್ಟಿನ ಸೋಲ್‌ನಲ್ಲಿ ರಬ್ಬರ್ ಹೆಚ್ಚು ಗಟ್ಟಿ. ಅಲ್ಲೂ ಮುಳ್ಳಿನ ಗೆರೆ ಇರುತ್ತದೆ, ಆದರೆ ಕಾಲು ತಿರುಗಿಸುವ ಮುಂಗಾಲಿನ ಅಡಿ ಮತ್ತು ಹೆಚ್ಚು ಸವೆಯುವ ಅಂಚುಗಳಲ್ಲಿ ವಿನ್ಯಾಸ ಬದಲಾಗಿ ರಬ್ಬರ್ ದಟ್ಟವಾಗಿರುತ್ತದೆ. ವಿಂಬಲ್ಡನ್ ಹುಲ್ಲಿಗೆ ಪುಟ್ಟ ಪುಟ್ಟ ಗುಬುಟಿನ ಸೋಲ್, ಅದು ನಮಗೆ ಬೇಕಾಗಿಲ್ಲ. ನೀವು ಮೂರು ದಿನ ಹಾರ್ಡ್ ಕೋರ್ಟ್, ಒಂದು ದಿನ ಮಣ್ಣು. ಆದ್ದರಿಂದ ‘ಆಲ್ ಕೋರ್ಟ್’ ಇಲ್ಲವೇ ‘ಹಾರ್ಡ್ ಕೋರ್ಟ್’ ಎಂದಿರುವುದನ್ನು ಕೊಳ್ಳಿ, ಸೋಲ್ ತಿರುಗಿಸಿ ಮುಳ್ಳಿನ ಗೆರೆ ಬಹುಭಾಗದಲ್ಲಿ ಇದೆಯೇ ನೋಡಿ. ಭಾನುವಾರಕ್ಕೆ ಅದೇ ಸಾಕು. ಡಬ್ಬಿಯ ಮೇಲೆ ‘ಕ್ಲೇ’, ಅಂದರೆ ಮಣ್ಣಿನ ಕೋರ್ಟಿಗೆ, ಎಂದು ಬರೆದದ್ದು ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುವುದುಂಟು, ಆಸೆಗೆ ಬೀಳಬೇಡಿ. ಹಾರ್ಡ್ ಕೋರ್ಟಿನಲ್ಲಿ ಅದರ ಆಯಸ್ಸು ಕಡಿಮೆ.

ಎರಡೂ ಕಡೆ ಆಡುವವರು ಒಂದು ಕೆಲಸ ತಪ್ಪದೆ ಮಾಡಬೇಕು. ಭಾನುವಾರ ಮನೆಗೆ ಬಂದ ಮೇಲೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಸೋಲ್‌ನ ಗೆರೆಗಳಲ್ಲಿ ಸಿಕ್ಕಿಕೊಂಡ ಮಣ್ಣನ್ನು ತೆಗೆಯಿರಿ. ಹಾಗೇ ಬಿಟ್ಟು ಮುಂದಿನ ಬೆಳಿಗ್ಗೆ ಹಾರ್ಡ್ ಕೋರ್ಟಿಗೆ ಇಳಿದರೆ ಒಣಗಿದ ಮಣ್ಣು ಪುಡಿಯಾಗಿ ಕಾಲಡಿಯಲ್ಲಿ ರಾಗಿ ಚೆಲ್ಲಿದಂತಾಗುತ್ತದೆ. ಆಗಷ್ಟೇ ಉಳುಕಿ ವಾಸಿಯಾದ ಕಾಲಿಗೆ ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಮಳೆ ಬಿದ್ದ ಹಾರ್ಡ್ ಕೋರ್ಟಿನ ಮೇಲೂ ಅಷ್ಟೇ. ಅದರಲ್ಲೂ ಬಿಳಿ ಗೆರೆಗಳ ಮೇಲೆ ಎಷ್ಟು ದುಬಾರಿ ಶೂ ಆದರೂ ಜಾರುತ್ತದೆ. ನೀರು ಒಣಗುವ ತನಕ ಕಾಯಿರಿ.

ಈಗ ಕಪ್ಪಾದ ಉಗುರು. ಓಡಿ ಬಂದು ಗಕ್ಕನೆ ನಿಂತಾಗ ಪಾದ ಮುಂದಕ್ಕೆ ಜಾರಿ ಬೆರಳ ತುದಿ ಶೂನ ಮೂತಿಗೆ ಬಡಿಯುತ್ತದೆ. ಮತ್ತೆ ಮತ್ತೆ ಬಡಿದು ಉಗುರಿನಡಿ ರಕ್ತ ಹೆಪ್ಪುಗಟ್ಟುತ್ತದೆ. ಇದಕ್ಕೆ ಶೂ ಗಿಡ್ಡವಾಗಿರಬೇಕು, ಇಲ್ಲವೇ ಲೇಸ್ ಸಡಿಲವಾಗಿರಬೇಕು. ಅಳತೆಯಿಂದ ಶುರು ಮಾಡೋಣ. ನಾವು ‘ನನ್ನದು ಎಂಟು’ ಎಂದು ಹೇಳುವುದು ಯುಕೆ ಅಳತೆ. ಆದರೆ ಎಲ್ಲ ಕಂಪನಿಯ ಎಂಟೂ ಒಂದೇ ಅಲ್ಲ. ಅಡಿಡಾಸ್‌ನಲ್ಲಿ ಯುಕೆ 8 ಅಂದರೆ 26.5 ಸೆಂ.ಮೀ., ನೈಕಿ ಮತ್ತು ಆಸಿಕ್ಸ್‌ನಲ್ಲಿ ಯುಕೆ 8 ಅಂದರೆ 27 ಸೆಂ.ಮೀ. ಅರ್ಧ ಸೆಂಟಿಮೀಟರ್ ವ್ಯತ್ಯಾಸ ಉಗುರಿಗೆ ಸಾಕು. ಶೂನ ನಾಲಿಗೆಯ ಒಳಗಿನ ಚೀಟಿಯಲ್ಲಿ ಯುಕೆ, ಯುಎಸ್ ಅಂಕಿಗಳ ಜೊತೆ ಸೆಂಟಿಮೀಟರ್ ಅಂಕಿಯೂ ಇರುತ್ತದೆ. ಅದೊಂದನ್ನೇ ನಂಬಿ.

ಪಾದ ಅಳೆಯುವುದು ಸಂಜೆ ಹೊತ್ತು. ದಿನವಿಡೀ ನಿಂತು ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ, ಆಡುವಾಗಲೂ ಊದುತ್ತದೆ. ನೀವು ಆಡುವಾಗ ಹಾಕುವ ದಪ್ಪ ಸಾಕ್ಸ್ ಹಾಕಿ, ಗೋಡೆಗೆ ಹಿಮ್ಮಡಿ ತಾಗಿಸಿ, ಕಾಗದದ ಮೇಲೆ ಪೂರ್ತಿ ಭಾರ ಬಿಟ್ಟು ನಿಂತು, ಉದ್ದನೆಯ ಬೆರಳ ತುದಿಗೆ ಬೇರೆಯವರ ಕೈಯಲ್ಲಿ ಗುರುತು ಹಾಕಿಸಿ. ಎಷ್ಟೋ ಜನಕ್ಕೆ ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ ಇರುತ್ತದೆ. ಎರಡೂ ಪಾದ ಅಳೆಯಿರಿ, ದೊಡ್ಡದಕ್ಕೆ ಕೊಳ್ಳಿ. ಶೂ ಹಾಕಿ ನಿಂತಾಗ ಉದ್ದನೆಯ ಬೆರಳ ಮುಂದೆ ಕೈಯ ಹೆಬ್ಬೆರಳಿನಷ್ಟು ಅಗಲದ ಜಾಗ ಉಳಿಯಬೇಕು.

ಉದ್ದ ಸರಿ ಇದ್ದೂ ಮುಂಗಾಲು ಹಿಂಡಿದರೆ ಸಮಸ್ಯೆ ಅಗಲದ್ದು. ಚಿಕ್ಕಂದಿನಲ್ಲಿ ಬರಿಗಾಲಲ್ಲಿ, ಆಮೇಲೆ ಚಪ್ಪಲಿಯಲ್ಲಿ ಓಡಾಡಿ ಬೆಳೆದ ನಮ್ಮಲ್ಲಿ ಬಹಳ ಜನರ ಮುಂಗಾಲು ಅಗಲ. ನನ್ನ ವಿದ್ಯಾರ್ಥಿಗಳಲ್ಲಿ ಇದನ್ನು ನಿತ್ಯ ನೋಡುತ್ತೇನೆ. ಅಗಲ ಸಾಲದೆಂದು ಒಂದು ಸೈಜ್ ದೊಡ್ಡದು ಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಆಗ ಹಿಮ್ಮಡಿ ಸಡಿಲವಾಗಿ ಪಾದ ಇನ್ನಷ್ಟು ಮುಂದಕ್ಕೆ ಜಾರುತ್ತದೆ, ಉಗುರಿನ ಕಥೆ ಮತ್ತೆ ಮೊದಲಿನಿಂದ. ಅದರ ಬದಲು ಅಗಲದ ಅಚ್ಚಿನ ಶೂ ಕೇಳಿ. ಗಂಡಸರ ಸಾಮಾನ್ಯ ಅಗಲಕ್ಕೆ ‘ಡಿ’, ಅಗಲದ್ದಕ್ಕೆ ‘2ಇ’ ಎಂಬ ಗುರುತು. ನ್ಯೂ ಬ್ಯಾಲೆನ್ಸ್‌ನಲ್ಲಿ 2ಇ ಸಿಗುತ್ತದೆ, ಆಸಿಕ್ಸ್‌ನ ಕೆಲವು ಮಾದರಿಗಳಲ್ಲೂ ‘ವೈಡ್’ ಬರುತ್ತದೆ. ಬಾಬೊಲಾದ ಎಸ್‌ಎಫ್‌ಎಕ್ಸ್ ಮೊದಲೇ ಸ್ವಲ್ಪ ಅಗಲ.

ಲೇಸ್ ಕಟ್ಟುವುದನ್ನು ನಾನು ಮಕ್ಕಳಿಗೆ ಕಲಿಸುವಷ್ಟೇ ದೊಡ್ಡವರಿಗೂ ಕಲಿಸುತ್ತೇನೆ. ಶೂನ ಕೊರಳ ಹತ್ತಿರ, ಎಲ್ಲಕ್ಕಿಂತ ಮೇಲೆ, ಸ್ವಲ್ಪ ಹಿಂದಕ್ಕೆ ಸರಿದಂತೆ ಒಂದು ತೂತು ಖಾಲಿ ಇರುತ್ತದೆ. ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ಲೇಸನ್ನು ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಕ್ಕೆ ತೂರಿಸಿ, ಪೂರ್ತಿ ಎಳೆಯದೆ ಪುಟ್ಟ ಕುಣಿಕೆ ಬಿಡಿ. ಎರಡೂ ಬದಿಯಲ್ಲಿ ಹೀಗೆ ಮಾಡಿ, ಬಲಗಡೆಯ ಲೇಸನ್ನು ಎಡಗಡೆಯ ಕುಣಿಕೆಯಲ್ಲಿ, ಎಡಗಡೆಯದನ್ನು ಬಲಗಡೆಯದರಲ್ಲಿ ಹಾಯಿಸಿ, ಕೆಳಮುಖವಾಗಿ ಬಿಗಿಯಾಗಿ ಎಳೆದು ಗಂಟು ಹಾಕಿ. ಹಿಮ್ಮಡಿ ಶೂನ ಬೆನ್ನಿಗೆ ಕಚ್ಚಿಕೊಂಡು ಕೂರುತ್ತದೆ. ಹೊಸ ಶೂ ಬರುವ ಮೊದಲೇ ಇದನ್ನು ಮಾಡಿ ನೋಡಬಹುದು. ಉಗುರನ್ನೂ ನೆಟ್ಟಗೆ, ಗಿಡ್ಡಗೆ ಕತ್ತರಿಸಿಡಿ.

ಅಂಗಡಿಯಲ್ಲಿ ಶೂ ಕೈಗೆ ಬಂದಾಗ ಮೂತಿ ಒಂದು ಕೈಯಲ್ಲಿ, ಹಿಮ್ಮಡಿ ಇನ್ನೊಂದು ಕೈಯಲ್ಲಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ. ಸುಲಭವಾಗಿ ತಿರುಚಿಕೊಂಡರೆ ವಾಪಸ್ ಇಡಿ. ಆಮೇಲೆ ಮಡಚಿ ನೋಡಿ. ಬೆರಳುಗಳ ಬುಡದಲ್ಲಿ ಮಡಚಬೇಕು, ನಡುವೆ ಮಡಚಬಾರದು. ಹಿಮ್ಮಡಿಯ ಹಿಂಭಾಗವನ್ನು ಎರಡು ಬೆರಳಲ್ಲಿ ಒತ್ತಿದರೆ ಒಳಕ್ಕೆ ಕುಸಿಯಬಾರದು. ಕಿರುಬೆರಳ ಪಕ್ಕದ ಗೋಡೆಯನ್ನು ಹೆಬ್ಬೆರಳಿಂದ ಒತ್ತಿ ನೋಡಿ, ನಿಮಗೆ ಮುಖ್ಯವಾದದ್ದು ಅದೇ. ಮೂತಿಯ ಮೇಲೆ ರಬ್ಬರ್ ಹೊದಿಕೆ ಎಲ್ಲಿಯವರೆಗೆ ಬಂದಿದೆ ನೋಡಿ. ಸರ್ವ್ ಮಾಡುವಾಗ ಹಿಂದಿನ ಕಾಲನ್ನು ನೆಲಕ್ಕೆ ಎಳೆಯುವ ಅಭ್ಯಾಸ ಇದ್ದವರಿಗೆ ಹೆಬ್ಬೆರಳ ಒಳಬದಿಯ ತನಕವೂ ಅದು ಬೇಕು. ನಿಮ್ಮ ಹಳೇ ಶೂನಲ್ಲಿ ಆ ಜಾಗ ಸವೆದಿದೆಯೇ ನೋಡಿಕೊಂಡರೆ ಉತ್ತರ ಸಿಗುತ್ತದೆ. ಕೊನೆಗೆ ಎರಡೂ ಶೂ ಹಾಕಿ, ಲೇಸ್ ಪೂರ್ತಿ ಕಟ್ಟಿ, ಅಂಗಡಿಯೊಳಗೇ ಪಕ್ಕಕ್ಕೆ ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲಿ. ಸಂಕೋಚ ಬೇಡ. ಪಾದ ಒಳಗೆ ಜಾರಿದರೆ ಆ ಶೂ ನಿಮ್ಮದಲ್ಲ.

ಆನ್‌ಲೈನ್‌ನಲ್ಲಿ ಹುಡುಕುವಾಗ ಒಂದು ಎಚ್ಚರ. ಅಮೆರಿಕದ ಮಾತಿನಲ್ಲಿ ‘ಟೆನಿಸ್ ಶೂ’ ಅಂದರೆ ಯಾವುದೇ ಸ್ನೀಕರ್ ಆಗಬಹುದು. ಹಾಗಾಗಿ ಆ ಹೆಸರಿನಲ್ಲಿ ಹುಡುಕಿದರೆ ವಾಕಿಂಗ್ ಶೂ, ಫ್ಯಾಷನ್ ಶೂ ಎಲ್ಲ ರಾಶಿ ಬೀಳುತ್ತವೆ. ಅಡಿಡಾಸ್‌ನ ಸ್ಟ್ಯಾನ್ ಸ್ಮಿತ್ ಎಂಬ ಶೂ ಒಂದು ಕಾಲದಲ್ಲಿ ನಿಜಕ್ಕೂ ಟೆನಿಸ್ ಶೂವೇ ಆಗಿತ್ತು, ಈಗ ಅದು ಪೇಟೆಗೆ ಹೋಗಲು ಹಾಕುವ ಶೂ. ಸೋಲ್‌ನ ಚಿತ್ರ ಹಾಕದ, ಯಾವ ಕೋರ್ಟಿಗೆ ಎಂದು ಹೇಳದ ಶೂವನ್ನು ಕೊಳ್ಳಬೇಡಿ.

ಎಂಟು ಸಾವಿರದ ಮಾತಿಗೆ ಬರುತ್ತೇನೆ. ಪ್ರತಿ ಕಂಪನಿಯಲ್ಲೂ ಮೆಟ್ಟಿಲುಗಳಿವೆ. ಆಸಿಕ್ಸ್ ತೆಗೆದುಕೊಂಡರೆ ಕೆಳಗೆ ಜೆಲ್ ಡೆಡಿಕೇಟ್, ಜೆಲ್ ಗೇಮ್, ನಡುವೆ ಜೆಲ್ ಚಾಲೆಂಜರ್, ಮೇಲೆ ಜೆಲ್ ರೆಸಲ್ಯೂಷನ್. ಅಡಿಡಾಸ್‌ನಲ್ಲಿ ಗೇಮ್‌ಕೋರ್ಟ್, ಕೋರ್ಟ್‌ಜಾಮ್, ಬ್ಯಾರಿಕೇಡ್. ಡೆಕಾಥ್ಲಾನ್ ಅಂಗಡಿಯ ಸ್ವಂತ ಟೆನಿಸ್ ಶೂಗಳಲ್ಲೂ ಇಂಥದೇ ಮೆಟ್ಟಿಲು, ಬೆಲೆ ಇನ್ನೂ ಕಡಿಮೆ. ವಾರಕ್ಕೊಮ್ಮೆ ಡಬಲ್ಸ್ ಆಡುವವರಾಗಿದ್ದರೆ ಕೆಳಗಿನ ಮೆಟ್ಟಿಲೇ ಸಾಕು ಎನ್ನುತ್ತಿದ್ದೆ. ನಾಲ್ಕು ದಿನದ ಆಟಕ್ಕೆ ನಡುವಿನದು ಬೇಕು. ನನ್ನ ಕೈಯಲ್ಲಿ ಆ ಹಣ ಇದ್ದರೆ ಹಿಂದಿನ ಆವೃತ್ತಿಯ ಜೆಲ್ ರೆಸಲ್ಯೂಷನ್ ಅಥವಾ ಬ್ಯಾರಿಕೇಡ್ ರಿಯಾಯಿತಿಯಲ್ಲಿ ಸಿಗುತ್ತದೆಯೇ ಎಂದು ಮೊದಲು ಹುಡುಕುತ್ತೇನೆ. ಹೊಸ ಆವೃತ್ತಿ ಬಂದಾಗ ಹಳೆಯದರ ಬೆಲೆ ಚೆನ್ನಾಗಿ ಇಳಿಯುತ್ತದೆ, ಶೂ ಮಾತ್ರ ಅದೇ ಒಳ್ಳೆಯ ಶೂ.

ಆದರೆ ಹಿಂದಿನ ಆವೃತ್ತಿ ಬೇರೆ, ಹಳೇ ಸ್ಟಾಕ್ ಬೇರೆ. ನನ್ನ ವಿದ್ಯಾರ್ಥಿಯೊಬ್ಬ ಅರ್ಧ ಬೆಲೆಗೆ ಹೊಚ್ಚ ಹೊಸ ಶೂ ತರಿಸಿದ. ಮೂರನೇ ವಾರ ಆಡುತ್ತಿರುವಾಗಲೇ ಸೋಲ್ ಪೂರ್ತಿ ಬಿಟ್ಟುಕೊಂಡು ಬಂತು. ಡಬ್ಬಿ ನೋಡಿದರೆ ತಯಾರಾಗಿ ಐದು ವರ್ಷ ಆಗಿತ್ತು. ಹಾಕದೆ ಇಟ್ಟರೂ ಅಂಟು ಒಣಗುತ್ತದೆ. ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಬಗೆ ಇರುವ ಸೋಲ್ ಆದರೆ ಗಾಳಿಯ ತೇವಕ್ಕೇ ಒಳಗೊಳಗೆ ಪುಡಿಯಾಗುತ್ತದೆ. ಮಂಗಳೂರು, ಉಡುಪಿ ಕಡೆಯವರು ಇದನ್ನು ಇನ್ನೂ ಬೇಗ ಕಾಣುತ್ತಾರೆ. ಡಬ್ಬಿಯ ಮೇಲೆ ಎಂ.ಆರ್.ಪಿ. ಜೊತೆ ತಯಾರಾದ ಇಲ್ಲವೇ ಆಮದಾದ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಎರಡು ವರ್ಷಕ್ಕಿಂತ ಹಳೆಯದಾದರೆ ನಾನು ಬಿಟ್ಟುಬಿಡುತ್ತೇನೆ. ಕೆಲವು ಕಂಪನಿಗಳು ಮೇಲ್ದರ್ಜೆಯ ಮಾದರಿಗಳ ಸೋಲ್‌ಗೆ ಆರು ತಿಂಗಳ ಗ್ಯಾರಂಟಿ ಕೊಡುವುದುಂಟು. ಅದು ಎಲ್ಲ ದೇಶಗಳಲ್ಲೂ ನಡೆಯುವುದಿಲ್ಲ, ಕೊಳ್ಳುವಾಗಲೇ ಕೇಳಿ ಬರಹದಲ್ಲಿ ಪಡೆಯಿರಿ.

ದೊಡ್ಡ ಆಟಗಾರ ಹಾಕುವ ಶೂ ಎಂದು ಮರುಳಾಗಬೇಡಿ. ನಡಾಲ್‌ಗೆ 2005ರಿಂದಲೂ ಎಡಗಾಲಿನ ಮೂಳೆಯ ತೊಂದರೆ ಇತ್ತು. ಅವರು ಅಷ್ಟು ವರ್ಷ ಆಡಿದ್ದು ತಮ್ಮ ಪಾದಕ್ಕೆಂದೇ ಮಾಡಿಸಿದ ವಿಶೇಷ ಸೋಲ್ ಮೇಲೆ. ಅದೇ ಬಣ್ಣದ ಶೂ ಅಂಗಡಿಯಲ್ಲಿ ಸಿಗಬಹುದು, ಒಳಗಿನದು ಸಿಗುವುದಿಲ್ಲ. ಹಾಗೆಯೇ ಶೂನಿಂದ ಆಗದ ಕೆಲಸವನ್ನು ಶೂನಿಂದ ಬಯಸಬೇಡಿ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ, ನಿಮಗಿಂತ ಎರಡು ವರ್ಷ ದೊಡ್ಡವರು. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿದ್ದ ತಾವು ಮತ್ತೆ ಆಡುವಂತಾದದ್ದು ಅಯ್ಯಂಗಾರ್ ಯೋಗದಿಂದ ಎಂದು ಅವರೇ ಹೇಳಿದ್ದಾರೆ. ನೀವು ಉಳುಕಿದ ಕಾಲಿಗೆ ಬರೀ ವಿಶ್ರಾಂತಿ ಕೊಟ್ಟಿದ್ದೀರಿ. ಒಮ್ಮೆ ಎಳೆದುಕೊಂಡ ಕಾಲು ಮತ್ತೆ ಉಳುಕುವ ಸಾಧ್ಯತೆ ಹೆಚ್ಚು. ಫಿಸಿಯೊಥೆರಪಿಸ್ಟ್ ಒಬ್ಬರಿಗೆ ತೋರಿಸಿ. ಅವರು ಒಪ್ಪಿದ ಮೇಲೆ ದಿನಾ ಹಲ್ಲುಜ್ಜುವಾಗ ಆ ಒಂದೇ ಕಾಲಿನ ಮೇಲೆ ನಿಲ್ಲುವುದನ್ನು ಅಭ್ಯಾಸ ಮಾಡಿ.

ಹೊಸ ಶೂ ಎಷ್ಟು ದಿನ ಬಾಳುತ್ತದೆ ಎಂಬುದು ನಿಮ್ಮ ಆಟದ ಮೇಲೆ ಹೋಗುತ್ತದೆ. ನಿಮ್ಮಂತೆ ಆಡುವವರಿಗೆ ಆರರಿಂದ ಎಂಟು ತಿಂಗಳು ಬಂದದ್ದನ್ನು ನೋಡಿದ್ದೇನೆ. ಸೋಲ್‌ನ ಗೆರೆ ಅಳಿಸಿ ಅಡಿಯ ಬೇರೆ ಬಣ್ಣದ ಪದರ ಕಂಡರೆ ಆ ದಿನವೇ ನಿಲ್ಲಿಸಿ. ಎಷ್ಟೋ ಸಲ ಸೋಲ್ ಚೆನ್ನಾಗಿದ್ದು ಒಳಗಿನ ಫೋಮ್ ಸತ್ತಿರುತ್ತದೆ. ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದಾಗ ಶೂ ಒಂದು ಬದಿಗೆ ವಾಲಿದ್ದರೆ, ಫೋಮ್‌ನ ಪಕ್ಕದಲ್ಲಿ ಆಳವಾದ ಸುಕ್ಕುಗಳಿದ್ದರೆ, ಆಡಿದ ಮರುದಿನ ಮೊಣಕಾಲು ಹೊಸದಾಗಿ ನೋಯತೊಡಗಿದ್ದರೆ ಅದರ ಕಾಲ ಮುಗಿಯಿತು. ಶೂ ಬ್ಯಾಗನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಆ ಬಿಸಿಗೆ ಅಂಟು ಸಡಿಲಾಗುತ್ತದೆ. ಬೆವರಿಗೋ ಮಳೆಗೋ ನೆನೆದರೆ ಒಳಗಿನ ಹಾಸು ತೆಗೆದು, ಹಳೇ ಪೇಪರ್ ಉಂಡೆ ತುರುಕಿ, ಫ್ಯಾನ್ ಗಾಳಿಯ ನೆರಳಲ್ಲಿ ಒಣಗಿಸಿ. ವಾಷಿಂಗ್ ಮೆಷಿನ್‌ಗೆ ಹಾಕಬೇಡಿ.

ಹೊಸ ಜೋಡಿ ಬಂದ ದಿನವೇ ಪಂದ್ಯಕ್ಕೆ ಇಳಿಯಬೇಡಿ. ಸ್ಥಿರತೆಯ ಶೂಗಳು ಮೊದಲು ಬಿಗಿಯಾಗಿ, ಗಡುಸಾಗಿ ಇರುತ್ತವೆ. ಎರಡು ಸಂಜೆ ಮನೆಯೊಳಗೆ ಹಾಕಿ ಓಡಾಡಿ. ಹೊರಗೆ ಮಣ್ಣು ತಾಗದಿದ್ದರೆ ಅಳತೆ ಸರಿಬರದಾಗ ಬದಲಾಯಿಸಿಕೊಳ್ಳಲೂ ಅನುಕೂಲ. ಆಮೇಲೆ ಒಂದು ಬೆಳಿಗ್ಗೆ ಬರೀ ರ‍್ಯಾಲಿ ಆಡಿ. ಎಲ್ಲಾದರೂ ಚರ್ಮ ಬಿಸಿಯಾಗಿ ಉರಿದರೆ ಗುಳ್ಳೆ ಏಳುವ ಮುಂಚೆ ಬಿಚ್ಚಿಬಿಡಿ. ಅಂಗಡಿಗೆ ಹೋಗುವಾಗ ಆ ಹರಿದ ಬಲಗಾಲಿನ ಶೂವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಹೊಸ ಶೂವನ್ನು ಅದರ ಪಕ್ಕದಲ್ಲಿಟ್ಟು, ಹಳೆಯದು ಹರಿದ ಜಾಗದಲ್ಲಿ ಹೊಸದಕ್ಕೆ ಏನಿದೆ ಎಂದು ಮುಟ್ಟಿ ನೋಡಿ ತೆಗೆದುಕೊಳ್ಳಿ.